ಐದೂ ಹತ್ತರ ಬಸ್ಸು

ನನ್ನ ಗಂಡ ಹೋಗಿ ಏಳು ತಿಂಗಳಾಯಿತು. ಅವರು ತೀರಿಕೊಂಡ ವಾರಕ್ಕೇ ಡಿಪೋದ ಸಂಘದವರು ಒಂದು ಸಭೆ ಮಾಡಿದರು. ಒಬ್ಬೊಬ್ಬರೇ ಎದ್ದು ನಿಂತು ಸಾಧು ಮನುಷ್ಯ ಎಂದರು, ಹಸುವಿನಂಥವರು ಎಂದರು, ಬಾಯಿಯಿದ್ದೂ ಮೂಗರು ಎಂದರು. ನಾನು ಮುಂದಿನ ಸಾಲಿನಲ್ಲಿ ಕುಳಿತು ಹಲ್ಲು ಕಚ್ಚಿಕೊಂಡಿದ್ದೆ. ಅವರು ಹಸು ಅಲ್ಲ. ಹಸುವಿನ ಜೊತೆ ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ್ದರೆ ನನ್ನ ತಲೆ ಇಷ್ಟು ಬೇಗ ಬೆಳ್ಳಗಾಗುತ್ತಿರಲಿಲ್ಲ.

ಈಗ ಸಂಘದ ಪತ್ರಿಕೆಗೆ ಅವರ ಬಗ್ಗೆ ಒಂದು ಬರಹ ಬೇಕಂತೆ. ಯಾರ ಕೈಲಾದರೂ ಬರೆಸಿಕೊಡಿ ಎಂದರು. ಬರೆಸಿದರೆ ಮತ್ತೆ ಹಸು ಮಾಡುತ್ತಾರೆ. ನಾನೇ ಬರೆದಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ತಿದ್ದಿಕೊಳ್ಳಿ. ಮಾತು ಮಾತ್ರ ತಿದ್ದಬೇಡಿ.

ಅವರು ಕಂಡಕ್ಟರು. ಒಂಬತ್ತನೇ ನಂಬರಿನ ಬಸ್ಸು, ನಮ್ಮ ಗುಡ್ಡದ ಬಡಾವಣೆಯಿಂದ ಕೆಳಗಿನ ದೊಡ್ಡಾಸ್ಪತ್ರೆಗೆ. ಇಪ್ಪತ್ತೆರಡು ವರ್ಷ ಅದೇ ಬಸ್ಸು. ಜನ ಅವರನ್ನು ಸೀಟಿ ಎಂದು ಕರೆಯುತ್ತಿದ್ದರು. ಅವರ ಸೀಟಿಯ ಸದ್ದು ಮೂರು ಬೀದಿಯಾಚೆಗೂ ಕೇಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಮನೆಯಲ್ಲೂ ನೀರು ಬೇಕಾದರೆ ಒಂದು ಸೀಟಿ, ಊಟ ಬೇಕಾದರೆ ಎರಡು. "ನಾನೇನು ಡ್ರೈವರಾ?" ಎಂದು ಒಂದು ದಿನ ಲೋಟ ಎಸೆದೆ. ಹಣೆಗೆ ತಾಗಿತು. ಆಮೇಲೆ ಬಾಯಿ ಬಿಟ್ಟು ಕೇಳುವುದನ್ನು ಕಲಿತರು.

ಅವರ ಜೀವವೆಲ್ಲ ಬೆಳಗಿನ ಮೊದಲ ಟ್ರಿಪ್ಪಿನಲ್ಲಿತ್ತು. ಐದೂ ಹತ್ತಕ್ಕೆ ಹೊರಡುವ ಬಸ್ಸು. ಅದರಲ್ಲಿ ಹೋಗುವವರೆಲ್ಲ ಹೆಚ್ಚುಕಡಿಮೆ ಹೆಂಗಸರೇ. ಆಸ್ಪತ್ರೆಯ ಕಸ ಗುಡಿಸುವವರು, ಹಾಸಿಗೆ ಬಟ್ಟೆ ಒಗೆಯುವವರು, ಅಡುಗೆಮನೆಯ ಪಾತ್ರೆಯವರು. ಬಸ್ಸು ಹತ್ತಿದ ಕೂಡಲೇ ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು ನಿದ್ದೆ ಹೋಗುವರು. ಇಂಜಿನ್ನಿನ ಮುಚ್ಚಳ ಬೆಚ್ಚಗಿರುತ್ತದೆಂದು ಅದರ ಪಕ್ಕದ ಸೀಟಿಗೆ ಜಗಳ. ಅದನ್ನು ಯಾವಾಗಲೂ ಲಾಂಡ್ರಿಯವಳೇ ಗೆಲ್ಲುತ್ತಿದ್ದಳು. ಇವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಒಗೆದವಳು. ನಮ್ಮ ಹಿಂದಿನ ಬೀದಿಯವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಈಗ ಎನ್ನುವುದಿಲ್ಲ.

ಆಸ್ಪತ್ರೆಯ ಗೇಟು ಆರಕ್ಕೆ. ಆರು ದಾಟಿ ಒಂದು ನಿಮಿಷವಾದರೂ ಅರ್ಧ ದಿನದ ಹಾಜರಿ ಹೋಯಿತು. ಗೇಟಿನವನಿಗೆ ಅಪ್ಪ ಸತ್ತರೂ ಒಂದೇ, ಬಸ್ಸು ಕೆಟ್ಟರೂ ಒಂದೇ. ಬಸ್ಸು ಐದೂ ಐವತ್ತೆರಡಕ್ಕೆ ಮುಟ್ಟುತ್ತಿತ್ತು. ಅಲ್ಲಿಂದ ಗೇಟಿಗೆ ಓಟ.

ನನ್ನ ಗಂಡ ನಿವೃತ್ತರಾದ ಎರಡನೇ ವರ್ಷ ಬಸ್ಸಿನ ಕಚೇರಿಯವರು ನಿಲ್ದಾಣದಲ್ಲಿ ಒಂದು ಕಾಗದ ಅಂಟಿಸಿದರು. ಜನ ಇಲ್ಲದ ಕಾರಣ ಮುಂದಿನ ಒಂದನೇ ತಾರೀಖಿನಿಂದ ಒಂಬತ್ತನೇ ನಂಬರಿನ ಮೊದಲ ಟ್ರಿಪ್ಪು ರದ್ದು. ಮೊದಲ ಬಸ್ಸು ಇನ್ನು ಆರೂವರೆಗೆ.

ಜನ ಇಲ್ಲದ ಕಾರಣ! ಕಾಲಿಡಲು ಜಾಗವಿಲ್ಲದ ಬಸ್ಸು ಅದು. ಇವರು ಮನೆಗೆ ಬಂದವರು ಚಪ್ಪಲಿ ಬಿಡಲಿಲ್ಲ, ಕಾಗದ ಪೆನ್ನು ತೆಗೆದುಕೊಂಡು ಮತ್ತೆ ಹೊರಟರು. ನಾಲ್ಕು ದಿನ ಬಾಗಿಲು ಬಾಗಿಲು ತಟ್ಟಿ ಮುನ್ನೂರು ಸಹಿ ಹಾಕಿಸಿದರು. ಕಚೇರಿಗೆ ಹೋಗುವಾಗ "ನೀನೂ ಬಾ, ಹೆಂಗಸರು ಇದ್ರೆ ಕೂರಿಸಿ ಮಾತಾಡ್ತಾರೆ" ಎಂದರು. ಹೋದೆ.

ಆಫೀಸರು ಕೂರಿಸಿಯೇ ಮಾತಾಡಿದ. ಸಹಿಯ ಕಾಗದಗಳನ್ನು ತೂಕ ನೋಡುವವನ ಹಾಗೆ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟ. ಡ್ರಾಯರಿನಿಂದ ಒಂದು ಉದ್ದನೆ ಹಾಳೆ ತೆಗೆದ.

"ಯಜಮಾನ್ರೇ, ನಾನು ಹೇಳ್ತಿಲ್ಲ. ನಿಮ್ಮ ಟಿಕೆಟ್ ಮಷೀನೇ ಹೇಳ್ತಿದೆ. ಮೊದಲ ಟ್ರಿಪ್ಪು, ಹತ್ತು ವರ್ಷದ ಲೆಕ್ಕ. ದಿನಕ್ಕೆ ಒಂಬತ್ತು ಜನ."

"ಅರವತ್ತು ಜನ ಸಾರ್," ಎಂದೆ ನಾನು.

"ಅಮ್ಮ, ಇಲ್ಲಿ ಒಂಬತ್ತು ಅಂತಿದೆ. ಒಂಬತ್ತನೇ ನಂಬರಿಗೆ ಒಂಬತ್ತು ಜನ, ಸರಿಹೋಯ್ತಲ್ಲ?" ಎಂದು ನಕ್ಕ. "ಇದರಲ್ಲಿ ಎಂಟು ವರ್ಷ ನಿಮ್ಮ ಯಜಮಾನ್ರದ್ದೇ ಡ್ಯೂಟಿ. ಅವರನ್ನೇ ಕೇಳಿ."

ನಾನು ಅವರ ಕಡೆ ತಿರುಗಿದೆ. ಅವರು ಹಾಳೆ ನೋಡುತ್ತಿದ್ದರು. "ಬಾ, ಹೋಗೋಣ" ಎಂದು ಎದ್ದುಬಿಟ್ಟರು. ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ಬಂದವಳು ನಾನು, ಕೈ ಬೀಸಿಕೊಂಡು ಹಿಂದೆ ಹೋದೆ.

ರಸ್ತೆಯಲ್ಲಿ ತಡೆದು ನಿಲ್ಲಿಸಿದೆ. "ಅರವತ್ತು ಜನ ಒಂಬತ್ತು ಹೇಗ್ರೀ ಆದ್ರು? ಆ ಮಷೀನಿಗೇನು ಕಣ್ಣಿಲ್ವಾ?"

"ಮಷೀನಿಗೆ ಕಣ್ಣಿದೆ ಕಣೇ. ನಾನೇ ತೋರಿಸ್ಲಿಲ್ಲ."

ಆಮೇಲೆ ಹೇಳಿದರು. ಆ ಹೆಂಗಸರೆಲ್ಲ ತಿಂಗಳ ಪಾಸಿನವರು. ಪಾಸಿನವರು ಹತ್ತಿದಾಗ ಕಂಡಕ್ಟರು ಪಾಸಿನ ನಂಬರು ಮಷೀನಿಗೆ ಹಾಕಿ ಗುಂಡಿ ಒತ್ತಬೇಕು. ಆಗ ಒಂದು ತಲೆ ಲೆಕ್ಕಕ್ಕೆ ಬರುತ್ತದೆ. ಮೋರಿ ತಿರುವಿನ ನಿಲ್ದಾಣ ಬರುವುದರೊಳಗೆ ಎಲ್ಲರದೂ ಮುಗಿಯಬೇಕು, ಮುಗಿಯದಿದ್ದರೆ ಬಸ್ಸು ಬದಿಗೆ ನಿಲ್ಲಿಸಿ ಮುಗಿಸಬೇಕು. ಕಾನೂನು. ಆ ಮಷೀನೋ ಮುದಿ ಎತ್ತು, ಒಂದು ಪಾಸಿಗೆ ಏಳೆಂಟು ಸೆಕೆಂಡು. ಅರವತ್ತು ಜನಕ್ಕೆ ಎಂಟು ನಿಮಿಷ. ಆ ಎಂಟು ನಿಮಿಷ ಬಸ್ಸು ನಿಂತರೆ ಗೇಟು ತಪ್ಪುತ್ತದೆ. ಅದಕ್ಕೆ ಇವರು ಒತ್ತುವುದನ್ನೇ ಬಿಟ್ಟರು. ಟಿಕೆಟಿನ ಎಂಟೊಂಬತ್ತು ಜನಕ್ಕೆ ಟಿಕೆಟು ಹರಿದು, ಪಾಸಿನವರಿಗೆ "ಹತ್ತಮ್ಮ, ಹತ್ತು" ಎಂದರು. ಮಲಗಿದವರನ್ನು ಎಬ್ಬಿಸಲಿಲ್ಲ. ಚೆಕಿಂಗಿನವರು ಆ ಹೊತ್ತಿನಲ್ಲಿ ಹಾಸಿಗೆಯಲ್ಲೇ ಚೆಕಿಂಗು ಮಾಡುತ್ತಿದ್ದರು, ಯಾರೂ ಹಿಡಿಯಲಿಲ್ಲ. ಇವರ ನಂತರ ಬಂದ ಕಂಡಕ್ಟರಿಗೂ ಇದನ್ನೇ ಕಲಿಸಿಕೊಟ್ಟು ಬಂದರು.

ಎಂಟು ವರ್ಷ ದಿನಾ ಅರವತ್ತು ಹೆಂಗಸರನ್ನು ಹೊತ್ತುಕೊಂಡು ಹೋಗಿ, ಇಲ್ಲ ಎಂದು ಬರೆಸಿದರು ಈ ಮನುಷ್ಯ.

"ಸಭೇಲಿ ಇದನ್ನ ಹೇಳಿಬಿಡ್ತೀನಿ," ಎಂದರು. ನಮ್ಮ ಅರ್ಜಿಗೆ ಎರಡೂವರೆ ತಿಂಗಳ ನಂತರ ಅಹವಾಲು ಸಭೆ ಎಂದು ಕಚೇರಿಯವರು ದಿನ ಕೊಟ್ಟಿದ್ದರು. "ತಪ್ಪು ನಂದು, ಜನ ಇದಾರೆ, ಬಂದು ಎಣಿಸಿ ಅಂತೀನಿ."

ನಾನು ಬೇಡವೆಂದೆ. ಇಲ್ಲಿ ಸುಳ್ಳು ಬರೆಯಲಾರೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಮೆಮೊ ಇಲ್ಲದ ಮನುಷ್ಯ, ಡಿಪೋದಲ್ಲಿ ಎದೆಯುಬ್ಬಿಸಿ ನಡೆದವರು. ಅವರ ಹೆಂಡತಿ ಎಂದು ನಾನೂ ಉಬ್ಬಿಸಿಕೊಂಡಿದ್ದೆ. "ಕೈಯಾರೆ ಕತ್ತಿ ಕೊಟ್ಟು ಕತ್ತು ಕೊಡ್ತೀರಾ? ಹೇಳಿದ್ರೆ ನಾನು ಈ ಮನೇಲಿರಲ್ಲ" ಎಂದೆ.

ಅವರು ಮತ್ತೆ ಆ ಮಾತೆತ್ತಲಿಲ್ಲ. ಸುಮ್ಮನಾದರು ಎಂದುಕೊಂಡೆ. ಸುಮ್ಮನಾಗುವ ಜಾತಿಯೇ ಅದು?

ಒಂದನೇ ತಾರೀಖು ಬಸ್ಸು ನಿಂತಿತು. ಹೆಂಗಸರು ನಾಲ್ಕೂವರೆಗೆ ನಡೆಯಲು ಶುರು ಮಾಡಿದರು. ಗುಡ್ಡದ ಮೇಲಿಂದ ಆಸ್ಪತ್ರೆಗೆ ಒಂದೂಕಾಲು ಗಂಟೆ ದಾರಿ, ಅರ್ಧ ದಾರಿಗೆ ದೀಪವಿಲ್ಲ. ಇವರು ದೊಡ್ಡ ಟಾರ್ಚು ಹಿಡಿದು ಮುಂದೆ ಹೊರಟರು. ಅರವತ್ತೆರಡು ವರ್ಷದ ಮುದುಕ. ಹೆಂಗಸರನ್ನು ಗೇಟಿಗೆ ಮುಟ್ಟಿಸಿ, ಏಳರ ಬಸ್ಸಿಗೆ ಮನೆಗೆ ಬಂದು, ಕಾಲು ಒತ್ತಿಕೊಳ್ಳುತ್ತ ಕೂರುವರು.

"ಸೀಟಿಯಣ್ಣ ಮುಂದೆ, ನಾವು ಹಿಂದೆ. ಬಸ್ಸೊಂದು ಬಿಟ್ಟು ಎಲ್ಲಾ ಇದೆ ಅಕ್ಕ," ಎಂದು ಲಾಂಡ್ರಿಯವಳು ನಗುತ್ತಿದ್ದಳು. "ಚಿಲ್ರೆ ಇಲ್ಲ ಅಂತ ಬೈಯೋದನ್ನೂ ಬಿಟ್ಟಿಲ್ಲ ಆಯಪ್ಪ."

ನಾನು ಬೈದೆ. ಬಾಯಿ ನೋಯುವಷ್ಟು ಬೈದೆ. "ಯಾರು ಹೇಳಿದ್ದು ನಿಮಗೆ?" ಎಂದೆ. "ಬಾಯಿಗೆ ಬೀಗ ಹಾಕಿದ್ದೀಯ, ಕಾಲಿಗೂ ಹಾಕ್ತೀಯೇನೇ?" ಎಂದರು.

ಮೂವತ್ತೆಂಟನೇ ದಿನ ಮೋರಿ ತಿರುವಿನಲ್ಲಿ ಬಿದ್ದರು. ಮೋರಿಯ ಒಂದು ಚಪ್ಪಡಿ ಒಡೆದಿತ್ತು. ಹಿಂದಿನವರಿಗೆ ಬೆಳಕು ತೋರಿಸಲು ತಿರುಗಿ ನಡೆಯುತ್ತಿದ್ದರಂತೆ, ಹಿಂದೆ ಕಣ್ಣಿದ್ದವರ ಹಾಗೆ. ಸೊಂಟದ ಮೂಳೆ ಮುರಿಯಿತು. ಹೆಂಗಸರೇ ಒಂದು ಸೀರೆಯಲ್ಲಿ ಹಾಕಿಕೊಂಡು ಹೊತ್ತರು. ಆ ದಿನ ಅವರೆಲ್ಲರಿಗೂ ಅರ್ಧ ಹಾಜರಿ.

ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಲಾಂಡ್ರಿಯವಳು ತೂತಿಲ್ಲದ ಹಾಸು ಆರಿಸಿ ತಂದು ಹಾಸುತ್ತಿದ್ದಳು. ನೋವಿನಲ್ಲೂ ಇವರು ಐದು ಗಂಟೆಗೆ ಎಚ್ಚರವಾಗಿ "ಅವರು ಎಲ್ಲಿವರೆಗೆ ಬಂದಿರಬಹುದು?" ಎಂದು ಕೇಳುವರು. ಹನ್ನೆರಡನೇ ದಿನ ಮಧ್ಯಾಹ್ನ ಕಾಲಿನ ರಕ್ತ ಹೆಪ್ಪುಗಟ್ಟಿ ಎದೆಗೇರಿತು ಎಂದರು ಡಾಕ್ಟರು. ನಾನು ಗಂಜಿ ತರಲು ಕೆಳಗೆ ಹೋಗಿದ್ದೆ. ಬರುವುದರೊಳಗೆ ಮುಖ ಮುಚ್ಚಿದ್ದರು.

ಸಭೆಯಲ್ಲಿ ನೀನು ಹೇಳು ಎಂದು ಅವರು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೈದು ಮುಗಿಸುತ್ತಿದ್ದೆ. ಕೇಳದೆ ಹೋದರು, ಅದಕ್ಕೇ ನಾನೇ ಹೇಳುವುದೆಂದು ಗಟ್ಟಿ ಮಾಡಿಕೊಂಡೆ. ನಾನು ಬಾಯಿ ಮುಚ್ಚಿಸದಿದ್ದರೆ ಅವರು ನಡೆಯುತ್ತಿರಲಿಲ್ಲ. ಕಚೇರಿಯವರು ಬಸ್ಸು ಕಿತ್ತರು, ನಾನು ಮಾತು ಕಿತ್ತೆ. ಉಳಿದಿದ್ದು ಕಾಲು.

ಸಭೆಯ ಹಿಂದಿನ ದಿನ ಮೈದುನ ಬಂದ. ಅದೇ ಡಿಪೋದಲ್ಲಿ ಮೆಕ್ಯಾನಿಕ್ಕು. ನಾನು ಹೇಳಲಿರುವುದು ಅವನ ಕಿವಿಗೆ ಬಿದ್ದಿತ್ತು.

"ಅತ್ತಿಗೆ, ಅಣ್ಣ ಹೋದ. ಹೆಸರೊಂದು ಉಳಿದಿದೆ. ಅದಕ್ಕೂ ನೀವೇ ಮಸಿ ಬಳೀತೀರಾ? ನಾಳೆ ನಾನು ಡಿಪೋದಲ್ಲಿ ಹೇಗೆ ತಲೆ ಎತ್ಲಿ?"

"ನೀನು ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡೋನು. ತಲೆ ಎತ್ತಿದ್ರೆ ಇಂಜಿನ್ನಿಗೆ ತಾಗುತ್ತೆ, ತಗ್ಗಿಸ್ಕೊಂಡೇ ಇರು."

ಚಹಾ ಕುಡಿಯದೆ ಎದ್ದು ಹೋದ. ಅವನ ಹಿಂದೆಯೇ ಲಾಂಡ್ರಿಯವಳು ಬಂದಳು. "ಬೇಡ ಅಕ್ಕ, ನಾವು ನಡೀತೀವಿ. ಅಣ್ಣನ ವಿಷಯ ಎತ್ಬೇಡಿ," ಎಂದು ಕಣ್ಣೊರೆಸಿಕೊಂಡಳು. ಅವಳ ಕಾಲು ನೋಡಿದೆ. ಹಿಮ್ಮಡಿ ಒಡೆದು ಬಟ್ಟೆ ಸುತ್ತಿಕೊಂಡಿದ್ದಳು. ನಡೆಯುತ್ತಾಳಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಸಭೆ ಕಚೇರಿಯ ಮಹಡಿಯ ಮೇಲೆ. ಕುರ್ಚಿಗಳು, ಮೈಕು, ನೀರಿನ ಬಾಟಲಿಗಳು. ಅದೇ ಆಫೀಸರು ನಡುವೆ ಕುಳಿತಿದ್ದ. ಮೊದಲಿಗೆ ಅವನೇ ಎದ್ದು, ನಮ್ಮ ನೆಚ್ಚಿನ ನಿರ್ವಾಹಕರ ಗೌರವಾರ್ಥ ಒಂದು ನಿಮಿಷ ಮೌನ ಎಂದ. ಎಲ್ಲರೂ ಎದ್ದರು. ನಾನು ಏಳಲಿಲ್ಲ.

"ಕೂತ್ಕೊಳ್ಳಿ," ಎಂದೆ. "ಸುಮ್ಮನಿದ್ದು ಸುಮ್ಮನಿದ್ದೇ ಇಲ್ಲಿಗೆ ಬಂದಿರೋದು. ಕೂತ್ಕೊಂಡು ಕೇಳಿ."

ಎಲ್ಲ ಹೇಳಿದೆ. ಪಾಸು, ಗುಂಡಿ, ಎಂಟು ನಿಮಿಷ, ಗೇಟು, ಮೋರಿ. ನಾನು ಅವರ ಬಾಯಿ ಮುಚ್ಚಿಸಿದ್ದನ್ನೂ ಹೇಳಿದೆ. ಹಿಂದೆ ಯಾರೋ ಅತ್ತರು. ಅಳುವವರನ್ನು ಹೊರಗೆ ಹೋಗಿ ಎಂದೆ.

ಆಫೀಸರು ಕನ್ನಡಕ ತೆಗೆದ. "ಅಂದ್ರೆ ನಿಮ್ಮ ಯಜಮಾನ್ರು ಕರ್ತವ್ಯಲೋಪ ಮಾಡಿದ್ರು ಅಂತ ಒಪ್ಕೋತೀರಾ ಅಮ್ಮ?"

"ಹೌದು. ಬರ್ಕೊಳ್ಳಿ. ದಪ್ಪಕ್ಷರದಲ್ಲಿ ಬರ್ಕೊಳ್ಳಿ. ಎಂಟು ವರ್ಷ ಮಾಡಿದ್ರು. ಈಗ ನಿಮ್ಮದು ಹೇಳಿ. ಹತ್ತು ವರ್ಷದಲ್ಲಿ ಒಂದೇ ಒಂದು ದಿನ ನಿಮ್ಮಲ್ಲಿ ಒಬ್ರಾದ್ರೂ ಐದೂ ಹತ್ತಕ್ಕೆ ಬಂದು ಆ ಬಸ್ಸಲ್ಲಿ ಎಷ್ಟು ತಲೆ ಇದೆ ಅಂತ ನೋಡಿದ್ರಾ? ಅದಕ್ಕೆ ಏನಂತಾರೆ? ಅದಕ್ಕೂ ಒಂದು ಹೆಸರಿರಬೇಕಲ್ಲ?"

ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ನೀರು ಕುಡಿದ.

ಒಂದು ತಿಂಗಳು ಬಸ್ಸು ಬಿಡುತ್ತೇವೆ ಎಂದರು, ಭಿಕ್ಷೆ ಹಾಕಿದ ಹಾಗೆ. ಪ್ರತಿ ಪಾಸೂ ಒತ್ತಬೇಕು. ದಿನಕ್ಕೆ ನಲವತ್ತು ತಲೆಗಿಂತ ಕಡಿಮೆ ಬಂದರೆ ಮತ್ತೆ ಯಾರೂ ಈ ಮೆಟ್ಟಿಲು ಹತ್ತಬಾರದು.

ಮೊದಲ ದಿನ ನಾನು ನಿಲ್ದಾಣಕ್ಕೆ ಹೋದೆ. ಹೋಗಿದ್ದು ಒಳ್ಳೆಯದಾಯಿತು. ಈಗಿನ ಕಂಡಕ್ಟರು ಮೂರು ಮಕ್ಕಳ ತಂದೆ, ಮೆತ್ತಗಿನ ಮನುಷ್ಯ. ಹೆಂಗಸರು ಓಡೋಡಿ ಬರುವುದನ್ನು ಕಂಡು "ಹತ್ತಿ, ಹತ್ತಿ, ಹೊತ್ತಾಯ್ತು" ಎಂದು ಕೈ ಬೀಸಲು ಶುರುಮಾಡಿದ. ನನ್ನ ಗಂಡನ ವಿದ್ಯೆ! ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಬ್ಬೊಬ್ಬರದೂ ಒತ್ತು. ಒತ್ತದೆ ಒಬ್ಬಳನ್ನ ಬಿಟ್ರೂ ಈ ಬಸ್ಸಿನ ಮುಂದೆ ಮಲಗ್ತೀನಿ."

"ಅಮ್ಮ, ಇವರಿಗೆ ಗೇಟು..."

"ಗೇಟಿನ ಮಾತು ನನಗೆ ಹೇಳಬೇಡ. ಒತ್ತು."

ಬಸ್ಸು ಒಂಬತ್ತು ನಿಮಿಷ ತಡವಾಗಿ ಹೊರಟಿತು. ಡ್ರೈವರು ಎಷ್ಟು ಜೋರಾಗಿ ಓಡಿಸಿದರೂ, ಓಟದಲ್ಲಿ ಹಿಂದೆ ಬಿದ್ದ ಹದಿನಾರು ಹೆಂಗಸರಿಗೆ ಗೇಟು ತಪ್ಪಿತು. ಸಂಜೆ ಅಷ್ಟೂ ಜನ ನಮ್ಮ ಮನೆಯ ಮುಂದೆ ನಿಂತರು. ಬೀದಿಯೆಲ್ಲ ಕೇಳುವ ಹಾಗೆ ಬೈದರು. ಗಂಡನನ್ನು ಕಳೆದುಕೊಂಡು ತಲೆ ಕೆಟ್ಟಿದೆ ಎಂದಳು ಒಬ್ಬಳು. ಲಾಂಡ್ರಿಯವಳು ಎಲ್ಲರಿಗಿಂತ ಮುಂದೆ.

"ಅಣ್ಣ ಇದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ."

"ಮಾಡ್ತಿರ್ಲಿಲ್ಲ. ಅದಕ್ಕೇ ಬಸ್ಸು ಹೋಯ್ತು, ಅದಕ್ಕೇ ಅವರೂ ಹೋದ್ರು. ನಾಳೆಯಿಂದ ಎಲ್ರೂ ನಾಲ್ಕೂ ಐವತ್ತಕ್ಕೆ ನಿಲ್ದಾಣದಲ್ಲಿರಬೇಕು. ಡ್ರೈವರಿಗೆ ಹೇಳಿದೀನಿ, ಬಸ್ಸು ಮುಂಚೆ ತಂದು ನಿಲ್ಲಿಸ್ತಾನೆ. ನಿಂತಲ್ಲೇ ಪಾಸು ಒತ್ತಿಸಿ ಹತ್ತಿ. ಐದೂ ಹತ್ತಕ್ಕೆ ಬಸ್ಸು ಹೊರಡುತ್ತೆ."

ಗಲಾಟೆ ಎದ್ದಿತು. ಇನ್ನೂ ಇಪ್ಪತ್ತು ನಿಮಿಷ ಮುಂಚೆಯೇ? ಮಕ್ಕಳಿಗೆ ಬೇಯಿಸಿಡುವುದು ಯಾವಾಗ? ನಾವು ಮನುಷ್ಯರೋ ಗಡಿಯಾರವೋ? "ನೀವು ಮನೇಲಿ ಮಲಗೋರು, ನಿಮಗೇನು ಗೊತ್ತು?" ಎಂದು ಯಾರೋ ಕೂಗಿದರು. ನಾನು ಬಾಗಿಲು ಹಿಡಿದು ನಿಂತೇ ಇದ್ದೆ.

ಆಗ ಪಾತ್ರೆ ತಿಕ್ಕುವ ಮುದುಕಿ, ಅವರಲ್ಲೆಲ್ಲ ಹಿರಿಯಳು, ಮೆಟ್ಟಿಲ ಮೇಲೆ ಕುಳಿತಿದ್ದವಳು ಬಾಯಿ ಬಿಟ್ಟಳು. "ನಿನ್ನ ಗಂಡ ಸೀಟಿನೂ ಇದನ್ನೇ ಕೇಳಿದ್ದ. ಮಷೀನು ಬಂದ ಹೊಸದ್ರಲ್ಲಿ. ಸ್ವಲ್ಪ ಬೇಗ ಬರ್ತೀರೇನ್ರವ್ವಾ, ಒತ್ತಿಬಿಡ್ತೀನಿ ಅಂತ. ನಾವು ಮುಖ ಕಿವುಚಿದ್ವಿ. ಎದ್ದು ಬರೋಕೆ ನಿಮ್ಮಪ್ಪನ ಮನೆ ಮದುವೇನಾ ಅಂದಿದ್ದು ನಾನೇ. ನಕ್ಕ. ಮತ್ತೆ ಕೇಳ್ಲಿಲ್ಲ."

ನನಗೆ ಇದು ಗೊತ್ತಿರಲಿಲ್ಲ. ನನಗೂ ಹೇಳಿರಲಿಲ್ಲ ಆ ಮನುಷ್ಯ. ಅವರಿಗೆ ಮಾರ್ಗ ಗೊತ್ತಿತ್ತು. ಈ ಹೆಂಗಸರ ಇಪ್ಪತ್ತು ನಿಮಿಷದ ನಿದ್ದೆ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ, ಅಷ್ಟೇ. ತಾನೇ ಕಳ್ಳನಾಗುತ್ತೇನೆ, ಇವರು ಮಲಗಲಿ ಎಂದುಕೊಂಡರು. ಎಂಥ ದೊಡ್ಡ ಬುದ್ಧಿ! ಎದುರಿಗಿದ್ದರೆ ಲೋಟವಲ್ಲ, ಕೊಡವನ್ನೇ ಎಸೆಯುತ್ತಿದ್ದೆ.

ಹೆಂಗಸರು ಒಬ್ಬೊಬ್ಬರಾಗಿ ಮನೆ ಕಡೆ ಹೋದರು. ಮರುದಿನ ನಾಲ್ಕೂ ಐವತ್ತಕ್ಕೆ ಇಪ್ಪತ್ತು ಜನ ಇದ್ದರು. ಅದರ ಮರುದಿನ ನಲವತ್ತೆರಡು. ವಾರ ಕಳೆಯುವುದರಲ್ಲಿ ಎಲ್ಲರೂ ಬಂದರು. ಕಣ್ಣು ಮುಚ್ಚಿಕೊಂಡೇ ಪಾಸು ಚಾಚುವರು. ನಾನು ಬಾಗಿಲ ಪಕ್ಕ ನಿಂತು, ಮಷೀನಿನಿಂದ ಚೀಟಿ ಬಂತೋ ಇಲ್ಲವೋ ನೋಡುತ್ತಿದ್ದೆ. ಒಬ್ಬಳೂ ನನ್ನ ಜೊತೆ ಮಾತಾಡಲಿಲ್ಲ.

ತಿಂಗಳ ಲೆಕ್ಕ ಬಂತು. ದಿನಕ್ಕೆ ಐವತ್ತೆಂಟು. ಬಸ್ಸು ಉಳಿಯಿತು.

ಬಸ್ಸಿನ ಜೊತೆ ಇನ್ನೊಂದು ಕಾಗದವೂ ಬಂತು. ಅದನ್ನು ನೀವೆಲ್ಲ ಡಿಪೋದಲ್ಲಿ ಸಾಲಾಗಿ ನಿಂತು ಓದಿಸಿಕೊಂಡಿದ್ದೀರಿ. ನನ್ನ ಗಂಡನ ಹೆಸರು ಹಾಕಿ, ಇಂಥ ಕರ್ತವ್ಯಲೋಪ ಮರುಕಳಿಸಬಾರದು ಎಂದಿದೆ. ಮೈದುನ ಅದರ ನಕಲು ತಂದು ನನ್ನ ಹೊಸ್ತಿಲ ಮೇಲಿಟ್ಟು ಹೋದ. ಒಳಗೆ ಬರಲಿಲ್ಲ. ಮೂರು ಸಲ ಓದಿದೆ, ನಿಧಾನವಾಗಿ, ಬೆರಳಿಟ್ಟು. ಹತ್ತು ವರ್ಷ ಬಂದು ನೋಡದವರ ಹೆಸರು ಅದರಲ್ಲಿಲ್ಲ. ಮೋರಿಯ ಚಪ್ಪಡಿಯೂ ಇಲ್ಲ. ಅದು ಇನ್ನೂ ಹಾಗೆಯೇ ಒಡೆದು ಬಿದ್ದಿದೆ. ಮುಂದಿನ ಅಹವಾಲು ಸಭೆ ಯಾವತ್ತು ಎಂದು ಕೇಳಿ ಬಂದಿದ್ದೇನೆ.

ಇವತ್ತು ಬಸ್ಸು ಸರಿಯಾಗಿ ಐದೂ ಹತ್ತಕ್ಕೆ ಹೊರಟಿತು. ಲಾಂಡ್ರಿಯವಳು ಪಾಸು ಒತ್ತಿಸಿಕೊಂಡು, ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿದಳು. ನೋಡದಿದ್ದರೆ ಬೇಡ. ಹತ್ತಿದಳಲ್ಲ.